ತಾತನ ತಪ್ಪು ಹಿಡಿದ ಹನ್ನೊಂದು

ಬೇಸಿಗೆ ರಜೆಗೆ ಗಾವಡಗೆರೆಗೆ ಬಂದಿದ್ದ ಮೊಮ್ಮಗಳಿಗೆ ಜಗಲಿಯ ಮೇಲೆ ಕೂತು ಶಕುಂತಲಾ ದೇವಿಯವರ ಕಥೆ ಹೇಳುತ್ತಿದ್ದೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು, 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಮತ್ತು 2,465,099,745,779 ಎಂಬ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು.

ನನ್ನ ಹಳೆಯ ಡೈರಿಯಲ್ಲಿದ್ದ ಆ 26 ಅಂಕಿಗಳ ಉತ್ತರವನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಇಳಿಸಿದೆ:

18,947,668,177,995,426,426,773,730

“ಇದು ಸರಿ ಅಂತ ಹೇಗೆ ಗೊತ್ತು ತಾತ?” ಎಂದಳು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ನರೆಸಿಕೊಂಡವನಿಗೆ ಈ ಪ್ರಶ್ನೆಯೇ! ಒಂಬತ್ತರ ತಾಳೆ ತೋರಿಸಿದೆ. ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡುತ್ತ ಹೋಗಬೇಕು. ಮೊದಲ ಸಂಖ್ಯೆಯ ಮೊತ್ತ 78. ಅದು 15, ಕೊನೆಗೆ 6. ಎರಡನೆಯದು 74, ಅದು 11, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಮೊತ್ತ 138. ಅದು 12, ಕೊನೆಗೆ 3. “ನೋಡಿದೆಯಾ, ತಾಳೆಯಾಯಿತು!” ಎಂದು ಬೀಗಿದೆ.

“ನಮ್ಮ ಮೇಷ್ಟ್ರು ಹನ್ನೊಂದರದ್ದೂ ಹೇಳಿಕೊಟ್ಟಿದ್ದಾರೆ” ಎಂದಳು ಅವಳು. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡಬೇಕು. ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯಾದರೆ, ಅಥವಾ 11ರಿಂದ ಭಾಗವಾದರೆ, ಇಡೀ ಸಂಖ್ಯೆಯೂ 11ರಿಂದ ಭಾಗವಾಗುತ್ತದೆ. ಗುಣಿಸಿದ ಎರಡನೇ ಸಂಖ್ಯೆಯಲ್ಲಿ 37, 37 ಬಂತು. ಹಾಗಾದರೆ ಉತ್ತರವೂ 11ರಿಂದ ಭಾಗವಾಗಲೇಬೇಕು. ಆದರೆ ಉತ್ತರದಲ್ಲಿ ಬಂದದ್ದು 65 ಮತ್ತು 73!

“ಶಕುಂತಲಾ ದೇವಿಯವರೇ ತಪ್ಪು ಮಾಡಿದರಾ?”

ಡೈರಿ ತೆಗೆದೆ. ಕೊನೆಯಿಂದ ಮೂರನೇ ಗುಂಪು 462 ಆಗಬೇಕಿತ್ತು. ಪಕ್ಕದ 426 ನೋಡಿದ ಕೈ ಮತ್ತೆ 426 ಎಂದೇ ಬರೆದಿತ್ತು. ತಪ್ಪು ಅವರದಲ್ಲ, ನನ್ನದು. ತಿದ್ದಿ ಕೂಡಿದೆವು: 69, 69. ಜಮಾ ಖರ್ಚು ಸಮ!

ಮಕ್ಕಳೇ, 10ನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ. ಆದ್ದರಿಂದ ಅಂಕಿ ಯಾವ ಸ್ಥಾನದಲ್ಲಿದ್ದರೂ ಒಂಬತ್ತಿಗೆ ಒಂದೇ. ಅದಲುಬದಲು ಅದಕ್ಕೆ ಕಾಣದು. 10 ಎಂಬುದು 11ಕ್ಕಿಂತ ಒಂದು ಕಡಿಮೆ. ಹಾಗಾಗಿ ಹನ್ನೊಂದರ ಲೆಕ್ಕದಲ್ಲಿ ಒಂದು ಸ್ಥಾನ ಕೂಡುವುದಾದರೆ ಮುಂದಿನದು ಕಳೆಯುವುದು. ಪಕ್ಕಪಕ್ಕದ ಅಂಕಿಗಳು ಜಾಗ ಬದಲಿಸಿದರೆ ಅದು ಹಿಡಿದುಬಿಡುತ್ತದೆ.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಲೆಕ್ಕಕ್ಕೆ 27 ರೂಪಾಯಿ ವ್ಯತ್ಯಾಸ ಬಂತು. ಯಾರೂ ಮನೆಗೆ ಹೋಗುವಂತಿಲ್ಲ. “ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ನೋಡಪ್ಪ” ಎಂದರು ಹಿರಿಯರೊಬ್ಬರು. ರಾತ್ರಿಯಾದ ಮೇಲೆ ಸಿಕ್ಕಿತು: 85 ಇರಬೇಕಾದಲ್ಲಿ 58. ಬರೆದವನು ನಾನೇ. ಕೊನೆಯ ಬಸ್ಸು ಹೋಗಿಯಾಗಿತ್ತು.

ಅಂದು ಕಲಿತದ್ದನ್ನು ಮೊಮ್ಮಗಳ ಮುಂದೆ ಜಂಬದಲ್ಲಿ ಮರೆತಿದ್ದೆ. ಅವಳು ನನ್ನ ಸಾಲಿನ ಕೆಳಗೆ ಸರಿಯಾದ ಸಂಖ್ಯೆಯನ್ನು ತಾನೇ ಬರೆದಳು. ನನಗೆ ಕೊಟ್ಟು, “ಈಗ ಎರಡೂ ತಾಳೆ ನೋಡಿ ತಾತ” ಎಂದಳು. ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೂಡಿದೆ.