ನೋವಿಲ್ಲದ ಗಂಟು: ಮೃದು ಅಂಗಾಂಶದ ಕ್ಯಾನ್ಸರ್

ಚರ್ಮದ ಅಡಿಯಲ್ಲಿ ಗಂಟು ಕಾಣಿಸಿಕೊಳ್ಳುವುದು ಅಪರೂಪದ ಸಂಗತಿಯೇನಲ್ಲ. ಇವುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದ ಕೊಬ್ಬಿನ ಗಂಟುಗಳು. ಆದರೆ ಸ್ನಾಯು, ಕೊಬ್ಬು, ನರ, ರಕ್ತನಾಳ ಮೊದಲಾದ ಮೃದು ಅಂಗಾಂಶಗಳಲ್ಲಿ ಹುಟ್ಟುವ ‘ಸಾರ್ಕೋಮಾ’ ಎಂಬ ಕ್ಯಾನ್ಸರ್ ಸಹ ಬಹುಮಟ್ಟಿಗೆ ಇಂತಹ ನೋವಿಲ್ಲದ ಗಂಟಿನ ರೂಪದಲ್ಲಿಯೇ ತಲೆದೋರುತ್ತದೆ. ವಯಸ್ಕರಿಗೆ ತಗಲುವ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇಕಡ 1 ಮಾತ್ರ. ಪ್ರಭೇದಗಳಾದರೋ 50ಕ್ಕೂ ಹೆಚ್ಚು. ಆದುದರಿಂದ ಸಾಮಾನ್ಯ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಇಂತಹ ರೋಗಿಗಳನ್ನು ಕಾಣುವುದು ಬಹಳ ವಿರಳ.

ಫಲಿತಾಂಶವನ್ನು ನಿರ್ಧರಿಸುವ ಅಂಶಗಳು

ಗಂಟಿನ ಗಾತ್ರ, ಆಳ, ಜೀವಕೋಶಗಳ ಉಗ್ರತೆ ಹಾಗೂ ರೋಗದ ಹರಡುವಿಕೆ ಇವುಗಳನ್ನು ಅವಲಂಬಿಸಿ ರೋಗಿಯ ಭವಿಷ್ಯ ನಿರ್ಧಾರವಾಗುತ್ತದೆ. ಅಮೆರಿಕದ ಅಂಕಿ ಅಂಶಗಳ ಪ್ರಕಾರ, ರೋಗವು ಹುಟ್ಟಿದ ಸ್ಥಳದಲ್ಲಿಯೇ ಇರುವಾಗ ಪತ್ತೆಯಾದರೆ 5 ವರ್ಷಗಳ ಅನಂತರವೂ ಬದುಕಿರುವವರು ಸುಮಾರು ಶೇಕಡ 80. ದೂರದ ಅಂಗಗಳಿಗೆ ಹರಡಿದ ಮೇಲೆ ಈ ಪ್ರಮಾಣ ಸುಮಾರು ಶೇಕಡ 15ಕ್ಕೆ ಇಳಿಯುತ್ತದೆ. ರೋಗವು ಮೊದಲು ಹರಡುವುದು ಸಾಮಾನ್ಯವಾಗಿ ಶ್ವಾಸಕೋಶಗಳಿಗೆ.

ಮೊದಲ ಶಸ್ತ್ರಚಿಕಿತ್ಸೆ ಸರಿಯಾಗಿ ನಡೆಯುವುದೂ ಅಷ್ಟೇ ಮುಖ್ಯ. ಕೊಬ್ಬಿನ ಗಂಟೆಂದು ಭಾವಿಸಿ ಪರೀಕ್ಷೆಯಿಲ್ಲದೆ ಕತ್ತರಿಸಿ ತೆಗೆದರೆ, ಕಣ್ಣಿಗೆ ಕಾಣದ ರೋಗಕೋಶಗಳು ಸುತ್ತಲಿನ ಭಾಗದಲ್ಲಿ ಉಳಿಯುತ್ತವೆ. ಆಗ ಮತ್ತೊಮ್ಮೆ, ಇನ್ನೂ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೊದಲು ಎಂ.ಆರ್.ಐ. ಚಿತ್ರ, ಬಳಿಕ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ, ಆಮೇಲೆ ಶಸ್ತ್ರಚಿಕಿತ್ಸೆ: ಇದೇ ಸರಿಯಾದ ಕ್ರಮ.

ಕೈಕಾಲನ್ನೇ ಕಳೆದುಕೊಳ್ಳಬೇಕಾಗುವುದೆಂಬ ಭಯದಿಂದ ಅನೇಕರು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. ಅಂಗವನ್ನು ಉಳಿಸಿಕೊಂಡು ಗಂಟನ್ನು ತೆಗೆದು ವಿಕಿರಣ ಚಿಕಿತ್ಸೆ ನೀಡಿದವರಿಗೂ, ಅಂಗವನ್ನು ಕತ್ತರಿಸಿದವರಿಗೂ ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವೆಂದು ಅಮೆರಿಕದಲ್ಲಿ ನಡೆದು 1982ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇಂದು ಬಹುಪಾಲು ರೋಗಿಗಳ ಅಂಗವನ್ನು ಉಳಿಸಲು ಸಾಧ್ಯವಿದೆ.

ಚಿಕಿತ್ಸಾ ಸೌಲಭ್ಯಗಳು

ಇಂತಹ ಚಿಕಿತ್ಸೆಗೆ ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು ಮತ್ತು ರೋಗನಿದಾನ ತಜ್ಞರು ಒಟ್ಟಾಗಿ ಕೆಲಸ ಮಾಡಬೇಕು. ಗುಜರಾತಿನಲ್ಲಿ ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿರುವ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆ 1972ರಲ್ಲಿ ಸ್ಥಾಪಿತವಾಯಿತು. ವಡೋದರಾದ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಗಳು ಆಯಾ ನಗರದ ವೈದ್ಯಕೀಯ ಕಾಲೇಜುಗಳಿಗೆ ಸೇರಿದವು. ಸಂಶಯಾಸ್ಪದ ಗಂಟನ್ನು ಅಲ್ಲಿ ತೋರಿಸಬಹುದು. ವಡೋದರಾದಿಂದ ಅಹಮದಾಬಾದಿಗೆ ನೂರಕ್ಕಿಂತ ಸ್ವಲ್ಪ ಹೆಚ್ಚು ಕಿಲೋಮೀಟರ್. ಸೂರತ್‌ನಿಂದ 250ಕ್ಕೂ ಹೆಚ್ಚು. ಸೂರತ್‌ನ ಮಗ್ಗದ ಕಾರ್ಮಿಕನಿಗೆ ಈ ಪ್ರಯಾಣವೆಂದರೆ ದಿನಗೂಲಿಯ ನಷ್ಟವೂ ಹೌದು. ಆದರೂ ತಜ್ಞರ ಬಳಿ ಹೋಗುವುದನ್ನು ಮುಂದೂಡುವುದು ಹಿತಕರವಲ್ಲ. ಉದ್ಯೋಗನಿಮಿತ್ತ ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ. ಕರ್ನಾಟಕದಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇಂತಹ ಸೇವೆಯನ್ನು ಒದಗಿಸುತ್ತಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆಯಡಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆಯಿದೆ. ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಇದನ್ನು ಬಳಸಬಹುದು.

ಚಿಕಿತ್ಸೆಯ ಅನಂತರ

ರೋಗ ಮರುಕಳಿಸುವುದು ಹೆಚ್ಚಾಗಿ ಮೊದಲ 2–3 ವರ್ಷಗಳಲ್ಲಿ. ಈ ಅವಧಿಯಲ್ಲಿ 3–4 ತಿಂಗಳಿಗೊಮ್ಮೆ, ಬಳಿಕ ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಾಯ ಮಾಗಿತೆಂದು ಊರಿಗೆ ಮರಳಿ ಆಸ್ಪತ್ರೆಯನ್ನು ಮರೆಯುವುದು ಸರಿಯಲ್ಲ.

ಗಮನದಲ್ಲಿಡಬೇಕಾದ ಲಕ್ಷಣಗಳು

ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾಗಿರುವುದು, ಬೆಳೆಯುತ್ತಿರುವುದು, ಸ್ನಾಯುವಿನ ಆಳದಲ್ಲಿರುವುದು, ನೋಯುವುದು, ಒಮ್ಮೆ ತೆಗೆದ ಮೇಲೆ ಮತ್ತೆ ಬರುವುದು. ಇವುಗಳಲ್ಲಿ ಒಂದು ಕಂಡರೂ, ಗಂಟನ್ನು ತೆಗೆಸುವ ಮುನ್ನ ಬಯಾಪ್ಸಿ ಅಗತ್ಯವೇ ಎಂದು ವೈದ್ಯರನ್ನು ಕೇಳಿರಿ. ಅಂಗವನ್ನೂ ಜೀವವನ್ನೂ ಉಳಿಸಲು ಈ ಒಂದು ಪ್ರಶ್ನೆ ನೆರವಾಗಬಹುದು.