ಡಬ್ಬದಲ್ಲಿ ಐನೂರು, ಬಕೆಟ್ಟಿನಲ್ಲಿ ಮುನ್ನೂರು!

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಈ 61 ದಿನಗಳಲ್ಲಿ ಮಲ್ಪೆ ಕಡೆ ಹೋದವರಿಗೆ ಕಾಣುವುದು ದಡ ಹತ್ತಿದ ದೋಣಿಗಳು, ಮೂಗಿಗೆ ಬಡಿಯುವುದು ಹೊಸ ಬಣ್ಣದ ವಾಸನೆ. ಹೆಸರು ಹೊಸದಾಗಿ ಬರೆಸುತ್ತಾರೆ, ಬಲೆ ಹೊಲಿಸುತ್ತಾರೆ, ಇಂಜಿನ್ ಬಿಚ್ಚಿಸುತ್ತಾರೆ. ಎಲ್ಲ ಸರಿ. ಆದರೆ ದೋಣಿಯ ತಳದ ಕರಿ ನೀರಿನಲ್ಲಿ ಕೂತಿರುವ, ಚೊಂಬಿನಷ್ಟು ದೊಡ್ಡ ಪಂಪನ್ನು ಬಗ್ಗಿ ನೋಡುವವರು ಎಷ್ಟು ಜನ?

ಅದರ ಹೆಸರು ಬಿಲ್ಜ್ ಪಂಪು. ಅಲೆ ಹಾರಿಸಿದ ನೀರು, ಮಳೆ ನೀರು, ಶಾಫ್ಟಿನ ಪ್ಯಾಕಿಂಗ್ ಸವೆದು ಒಳಗೆ ತೊಟ್ಟಿಕ್ಕುವ ನೀರು, ಎಲ್ಲವೂ ಸೇರುವುದು ದೋಣಿಯ ತಳಕ್ಕೆ. ಅದನ್ನು ಎತ್ತಿ ಹೊರಗೆ ಹಾಕುವುದು ಈ ಪಂಪಿನ ಕೆಲಸ. ಓಡುವಷ್ಟು ದಿನ ಯಾರಿಗೂ ಅದರ ನೆನಪಿಲ್ಲ. ನಿಂತ ದಿನ ಮಾತ್ರ ಎಲ್ಲರೂ ದೇವರನ್ನು ನೆನೆಯುತ್ತಾರೆ.

ಕಳೆದ ಜುಲೈ ಕೊನೆಯ ವಾರ ದಡದಲ್ಲಿ ಒಂದು 30 ಅಡಿಯ ಫೈಬರ್ ದೋಣಿಯ ಬಳಿ ನಿಂತಿದ್ದೆ. ವಯರಿಂಗ್ ಕೆಲಸದ ಹುಡುಗ, ದೋಣಿಯ ಧನಿ, ಇಬ್ಬರಿಗೂ ಮಾತಿಗೆ ಮಾತು.

"ಹೊಸ ಪಂಪು ಮಾರಾಯಾ, 500 ಗ್ಯಾಲನ್ ಅಂತ ಡಬ್ಬದಲ್ಲೇ ಬರೆದುಂಟು. ಸಾಕಲ್ಲವಾ?"

"ಧನಿಗಳೇ, ಡಬ್ಬ ಬಿಡಿ. ಬಕೆಟ್ ತನ್ನಿ."

ತಳದಲ್ಲಿ ಮಳೆ ನೀರು ನಿಂತಿತ್ತು. ಹುಡುಗ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ಪಂಪು ಹಾಕಿದ, ಗಡಿಯಾರ ನೋಡಿದ. ತುಂಬಲು ಸರಿಯಾಗಿ ಒಂದು ನಿಮಿಷ.

ಲೆಕ್ಕ ಹಾಕಿ ನೋಡಿ. ಇಲ್ಲಿ ಗ್ಯಾಲನ್ ಎಂದರೆ ಅಮೆರಿಕದ ಗ್ಯಾಲನ್, ಸುಮಾರು 3.8 ಲೀಟರ್. ಗಂಟೆಗೆ 500 ಗ್ಯಾಲನ್ ಎಂದರೆ ನಿಮಿಷಕ್ಕೆ 31 ಲೀಟರ್ ಬರಬೇಕು. ಬಂದದ್ದು 20. ಅಂದರೆ ಗಂಟೆಗೆ ಮುನ್ನೂರು ಚಿಲ್ಲರೆ ಗ್ಯಾಲನ್. ಕಂಪನಿ ಮೋಸ ಮಾಡಿತೇ? ಅದೂ ಅಲ್ಲ. ಡಬ್ಬದ ಲೆಕ್ಕ ನೀರನ್ನು ಮೇಲಕ್ಕೆ ಎತ್ತದೇ, ಪೈಪು ಬಾಗದೇ, ಬ್ಯಾಟರಿ ಪೂರ್ತಿ ತುಂಬಿದ್ದಾಗಿನದು. ನಮ್ಮ ದೋಣಿಯಲ್ಲಿ ನೀರು ಮೂರು ಅಡಿ ಮೇಲೇರಬೇಕು, ಸುಕ್ಕು ಸುಕ್ಕಾದ ಪೈಪಿನಲ್ಲಿ ಎರಡು ಕಡೆ ತಿರುಗಬೇಕು. ತಂತಿ ಸಪೂರವಾದರೆ ಕರೆಂಟೂ ದಾರಿಯಲ್ಲೇ ಸೋರಿತು!

ಈಗ ಎದುರು ಪಾರ್ಟಿಯ ಲೆಕ್ಕ. ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ಒಂದು ಇಂಚಿನ ತೂತಾದರೆ ನಿಮಿಷಕ್ಕೆ ಹೆಚ್ಚುಕಡಿಮೆ 50 ಲೀಟರ್ ಒಳಗೆ ಬರುತ್ತದೆ. ಮೂರು ನಾಲ್ಕು ಕೊಡಪಾನ. ಹೊರಗೆ ಹೋಗುವುದು 20. ಬಾಕಿ ನೀರು ಎಲ್ಲಿ ಉಳಿಯಿತು ಎಂದು ಹೇಳಬೇಕೇ? ಪಂಪು ತೂತು ಮುಚ್ಚುವುದಿಲ್ಲ ಸ್ವಾಮಿ. ತೂತು ಹುಡುಕಿ ಬಟ್ಟೆ ತುರುಕಲು ನಾಲ್ಕು ನಿಮಿಷ ಹೆಚ್ಚು ಕೊಡುತ್ತದೆ, ಅಷ್ಟೆ. ಆ ನಾಲ್ಕು ನಿಮಿಷಕ್ಕೇ ನಾವು ದುಡ್ಡು ಕೊಡುವುದು.

ಹಾಗಾದರೆ ದೊಡ್ಡ ಪಂಪು ಹಾಕಿಬಿಡೋಣ ಎನ್ನುತ್ತೀರಿ. ಹಾಕಿ, ಆದರೆ ಹಳೇ ಪೈಪಿಗೆ ಅಲ್ಲ. 500ರ ಪಂಪಿಗೆ ಮುಕ್ಕಾಲು ಇಂಚಿನ ಪೈಪು. 1100ರದ್ದಕ್ಕೆ ಒಂದು ಇಂಚು ದಾಟಿದ ಪೈಪು ಬೇಕು. ಹಳೇ ಪೈಪಿಗೇ ದೊಡ್ಡದನ್ನು ಸಿಕ್ಕಿಸಿದರೆ ಖರ್ಚು ದೊಡ್ಡದು, ನೀರು ಚಿಕ್ಕದು. ತಂತಿ, ಫ್ಯೂಸ್ ಕೂಡ ಹೊಸ ಪಂಪಿಗೆ ತಕ್ಕದ್ದೇ ಇರಬೇಕು. ಹುಡುಗ ಹೇಳಿದ ದಾರಿ ಬೇರೆ: ಚಿಕ್ಕದು ದಿನನಿತ್ಯಕ್ಕೆ ತಳದಲ್ಲೇ ಇರಲಿ. ದೊಡ್ಡದನ್ನು ಸ್ವಲ್ಪ ಮೇಲೆ, ಬೇರೆ ಪೈಪು ಬೇರೆ ಸ್ವಿಚ್ಚಿನೊಂದಿಗೆ ಕೂರಿಸಿ. ಒಂದು ಕೈಕೊಟ್ಟರೆ ಇನ್ನೊಂದು ಉಂಟು.

ಪೈಪಿನ ಹೊರಬಾಯಿಯ ವಿಷಯ ಇನ್ನೂ ಮೋಜು. ಖಾಲಿ ದೋಣಿಯಲ್ಲಿ ಅದು ನೀರಿನಿಂದ ಅರ್ಧ ಅಡಿ ಮೇಲಿರುತ್ತದೆ. ಮೀನು ತುಂಬಿ ದೋಣಿ ತಗ್ಗಿದರೆ? ಬಾಯಿ ನೀರಿನೊಳಗೆ! ಪಂಪು ನಿಂತ ಕ್ಷಣ ಅದೇ ಪೈಪಿನಲ್ಲಿ ಕಡಲು ಹಿಂದಕ್ಕೆ ಒಳಗೆ ಬರುತ್ತದೆ. ಬಾಯಿ ಆದಷ್ಟು ಮೇಲಿರಬೇಕು, ಪೈಪು ಒಮ್ಮೆ ಅಂಚಿನವರೆಗೆ ಎತ್ತರಕ್ಕೆ ಹೋಗಿ ಇಳಿಯಬೇಕು.

ಇನ್ನು ರಾತ್ರಿಯ ಕತೆ. ದೋಣಿ ಕಟ್ಟಿ, ಮೇನ್ ಸ್ವಿಚ್ ಆರಿಸಿ, ಮನೆಗೆ ಹೋಗಿ ಮಲಗುತ್ತಾರೆ. ನಮ್ಮೂರ ಮಳೆ ಗೊತ್ತಲ್ಲ, ಒಂದೇ ರಾತ್ರಿ ನಾಲ್ಕು ಇಂಚು ಸುರಿದರೆ 30 ಅಡಿ ಉದ್ದ, ಆರೂವರೆ ಅಡಿ ಅಗಲದ ತೆರೆದ ದೋಣಿಗೆ ಬೀಳುವ ನೀರು ಸುಮಾರು 1800 ಲೀಟರ್. ಎರಡು ಟನ್ನಿಗೆ ಹತ್ತಿರ. ಅಷ್ಟು ನೀರು ಒಂದು ಪಕ್ಕಕ್ಕೆ ಹೊರಳಿದರೆ ದೋಣಿಯೂ ಹೊರಳುತ್ತದೆ. ಅದಕ್ಕೇ ತೇಲುವ ಸ್ವಿಚ್ಚು. ನೀರೇರಿದರೆ ತಾನೇ ಪಂಪು ಹಾಕುತ್ತದೆ, ಇಳಿದರೆ ತಾನೇ ಆರಿಸುತ್ತದೆ. ಅದರ ತಂತಿ ಮೇನ್ ಸ್ವಿಚ್ ದಾಟಿ ಬರಬಾರದು; ಬ್ಯಾಟರಿಯಿಂದಲೇ, ಹತ್ತಿರ ಒಂದು ಫ್ಯೂಸ್ ಇಟ್ಟು, ನೇರ ಬರಬೇಕು. ತಂತಿಯ ಜೋಡಣೆ ನೀರು ಮುಟ್ಟದಷ್ಟು ಮೇಲಿರಬೇಕು. ಉಪ್ಪು ನೀರು ತಾಮ್ರವನ್ನು ತಿಂದು ಹಸಿರು ಮಾಡಲು ಬಹಳ ಕಾಲ ಬೇಡ.

ಮೀನಿನ ಹುರುಪೆ, ಬಲೆಯ ನೂಲು, ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿ ಜಾಲರಿ ಕಟ್ಟಿದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಹೊರಡುವ ಮುನ್ನ ತೇಲುವ ಸ್ವಿಚ್ಚನ್ನು ಬೆರಳಲ್ಲಿ ಒಮ್ಮೆ ಎತ್ತಿ ನೋಡಿ. ಗುರ್ರ್ ಅಂದರೆ ಸೈ. ಆದರೂ ಒಂದು ಕೈಪಂಪು, ಒಂದು ಬಕೆಟ್ ಜೊತೆಗಿರಲಿ. ಬ್ಯಾಟರಿಯೇ ಮುಳುಗಿದರೆ ಮತ್ತೆ ರಟ್ಟೆಯೇ ಗತಿ.

ಅಂಗಡಿಯವರಲ್ಲಿ ಒಂದು ವಿನಂತಿ. ಪಂಪು ಕೇಳಿ ಬಂದವರ ಕೈಗೆ ಡಬ್ಬ ಕೊಟ್ಟು ಚಿಲ್ಲರೆ ಎಣಿಸಬೇಡಿ. ದೋಣಿ ಎಷ್ಟು ಅಡಿ, ನೀರು ಎಷ್ಟು ಎತ್ತರಕ್ಕೆ ಏರಬೇಕು, ಪೈಪು ಎಷ್ಟು ಇಂಚು ಎಂದು ಮೂರು ಮಾತು ಕೇಳಿ. ಸಂಜೆ ಬಸ್ಸಿಗೆ ಕಾಯುತ್ತ ಬಂಗುಡೆಗೆ ಚೌಕಾಸಿ ಮಾಡುವ ನಮಗೂ ಇಷ್ಟು ಗೊತ್ತಿರಲಿ: ಆ ಮೀನು ದಡ ಸೇರಿದ್ದರ ಹಿಂದೆ ಎಲ್ಲೋ ಒಂದು ಚೊಂಬಿನಷ್ಟು ಪಂಪು ರಾತ್ರಿಯಿಡೀ ನೀರು ಎತ್ತಿದೆ.

ಅಂದ ಹಾಗೆ, ಆ ಧನಿ ಮರುದಿನ ದೊಡ್ಡ ಪಂಪು ತಂದರು. ತಂದವರೇ ಮೊದಲು ಕೇಳಿದ್ದು, "ಬಕೆಟ್ ಎಲ್ಲಿ ಉಂಟಾ?"