ಉಂಗುರ ಎಣಿಸಿದರೆ ಕ್ವಾರ್ಟರ್‌ಬ್ಯಾಕ್‌ನ ತೂಕ ಸಿಕ್ಕೀತೇ?

2013ರ ಋತುವಿನಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 5,477 ಗಜಗಳಷ್ಟು ಪಾಸ್ ಎಸೆದರು, 55 ಟಚ್‌ಡೌನ್ ಕೊಡಿಸಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಒಂದೇ ಋತುವಿನಲ್ಲಿ ಅಷ್ಟು ಮಾಡಿರಲಿಲ್ಲ. ಆದರೆ 2014ರ ಫೆಬ್ರುವರಿಯಲ್ಲಿ ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ನ ಮೊದಲ ನಡೆಯಲ್ಲೇ ಚೆಂಡು ಅವರ ತಲೆಯ ಮೇಲಿಂದ ಹಿಂದಕ್ಕೆ ಹಾರಿತು. ಸಿಯಾಟಲ್ ಸೀಹಾಕ್ಸ್ 43-8ರಿಂದ ಗೆದ್ದಿತು.

ಎರಡು ವರ್ಷ ಕಳೆಯಿತು. 39ರ ಮ್ಯಾನಿಂಗ್ ಅವರ ತೋಳಿನಲ್ಲಿ ಹಳೆಯ ಕಸುವು ಉಳಿದಿರಲಿಲ್ಲ. ಲೀಗ್ ಹಂತದಲ್ಲಿ 9 ಟಚ್‌ಡೌನ್ ಎಸೆದರೆ 17 ಸಲ ಚೆಂಡು ಎದುರಾಳಿಯ ಕೈಸೇರಿತು. ನಡುವೆ ಬೆಂಚಿನ ಮೇಲೂ ಕೂರಬೇಕಾಯಿತು. ಆದರೂ 2016ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಡೆನ್ವರ್ ಕೆರೊಲಿನಾ ಪ್ಯಾಂಥರ್ಸ್ ತಂಡವನ್ನು 24-10ರಿಂದ ಸೋಲಿಸಿತು. ಮ್ಯಾನಿಂಗ್ ಅಂದು ಎಸೆದದ್ದು 141 ಗಜ, ಟಚ್‌ಡೌನ್ ಪಾಸ್ ಒಂದೂ ಇಲ್ಲ. ಪಂದ್ಯಶ್ರೇಷ್ಠ ಪ್ರಶಸ್ತಿ ಡೆನ್ವರ್‌ನ ರಕ್ಷಣಾ ಆಟಗಾರ ವಾನ್ ಮಿಲ್ಲರ್ ಅವರ ಪಾಲಾಯಿತು. ಬದುಕಿನ ಅತ್ಯುತ್ತಮ ವರ್ಷದಲ್ಲಿ ಬರಿಗೈ, ಅತಿ ದುರ್ಬಲ ವರ್ಷದಲ್ಲಿ ಚಾಂಪಿಯನ್ ತಂಡದವರಿಗೆ ಸಿಗುವ ಉಂಗುರ.

ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಚರ್ಚೆ ಅಮೆರಿಕದಲ್ಲಿ ಎಂದೂ ಮುಗಿಯುವುದಿಲ್ಲ. ಆ ಚರ್ಚೆಯಲ್ಲಿ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಅಳತೆಗೋಲು ಉಂಗುರಗಳ ಎಣಿಕೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಅನ್ಯಾಯದ ಅಳತೆ ಮತ್ತೊಂದಿಲ್ಲ.

ಈ ಆಟದಲ್ಲಿ ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ಕ್ವಾರ್ಟರ್‌ಬ್ಯಾಕ್ ದಾಳಿಯ ಸೂತ್ರಧಾರ. ಎದುರಾಳಿಯ ಸರದಿ ಬಂದಾಗ ಅವನು ಗೆರೆಯಾಚೆ ನಿಂತು ನೋಡಬೇಕಷ್ಟೆ, ಅಂಕ ತಡೆಯುವುದರಲ್ಲಿ ಅವನ ಕೈಯೇನೂ ಇರುವುದಿಲ್ಲ. 2000ದ ಋತುವಿನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡದ ರಕ್ಷಣಾ ಪಡೆ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಕೇವಲ 165 ಅಂಕ. ಅವರ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ ಹೆಚ್ಚು ತಪ್ಪು ಮಾಡದಿದ್ದರೆ ಸಾಕಿತ್ತು. ಉಂಗುರ ಬಂತು. ಪ್ರಶಸ್ತಿ ಗೆದ್ದ ಕೂಡಲೇ ತಂಡ ಅವರನ್ನು ಕೈಬಿಟ್ಟಿತು. ಯಾರಿಂದ ಗೆದ್ದೆವೆಂಬುದು ರೇವನ್ಸ್‌ಗೆ ಚೆನ್ನಾಗಿಯೇ ಗೊತ್ತಿತ್ತು.

ಇನ್ನೊಂದು ತುದಿಯಲ್ಲಿ ಮಯಾಮಿಯ ಡ್ಯಾನ್ ಮರಿನೋ. 1984ರಲ್ಲಿ, ವೃತ್ತಿಯ ಎರಡನೆಯ ವರ್ಷದಲ್ಲೇ, 5,084 ಗಜ, 48 ಟಚ್‌ಡೌನ್. ಟಚ್‌ಡೌನ್ ದಾಖಲೆ ಅಳಿಯಲು ಇಪ್ಪತ್ತು ವರ್ಷ ಬೇಕಾಯಿತು, ಗಜಗಳ ದಾಖಲೆ ಅಳಿಯಲು ಇಪ್ಪತ್ತೇಳು. ಆ ಋತುವಿನ ಸೂಪರ್ ಬೌಲ್‌ನಲ್ಲಿ ಜೋ ಮಾಂಟಾನಾ ಅವರ ಸ್ಯಾನ್ ಫ್ರಾನ್ಸಿಸ್ಕೋ ತಂಡದೆದುರು 38-16ರಿಂದ ಸೋತರು. ಆಮೇಲೆ ಒಂದೂವರೆ ದಶಕ ಆಡಿದರೂ ಮತ್ತೆ ಆ ಅಂಗಳ ತಲುಪಲಿಲ್ಲ. ಡಿಲ್ಫರ್‌ಗೆ ಒಂದು ಉಂಗುರ, ಮರಿನೋಗೆ ಸೊನ್ನೆ. ಆಟಗಾರನಾಗಿ ವಿಶ್ವಕಪ್ ಎತ್ತಲಿಲ್ಲವೆಂದು ರಾಹುಲ್ ದ್ರಾವಿಡ್ ಅವರನ್ನು ಕೆಳಗಿಡಲು ನಾವು ಒಪ್ಪುತ್ತೇವೆಯೇ?

ಉಂಗುರದ ಪರವಾಗಿ ಮಾತಾಡುವವರ ದೊಡ್ಡ ಸಾಕ್ಷಿ ಏಳು ಪ್ರಶಸ್ತಿಗಳ ಟಾಮ್ ಬ್ರೇಡಿ. ಅವರದೇ ಕತೆ ನೋಡಿ. 2002ರಲ್ಲಿ ಮೊದಲ ಪ್ರಶಸ್ತಿ ಬಂದಾಗ ಅವರು ಎಸೆದದ್ದು 145 ಗಜ. ಕೊನೆಯ ಗಳಿಗೆಯಲ್ಲಿ 48 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು ಗೆಲ್ಲಿಸಿದವರು ಆಡಮ್ ವಿನಟಿಯರಿ. 2015ರಲ್ಲಿ ಸಿಯಾಟಲ್ ವಿರುದ್ಧ ಬ್ರೇಡಿ ನಾಲ್ಕು ಟಚ್‌ಡೌನ್ ಎಸೆದು ತಂಡವನ್ನು 28-24ರ ಮುನ್ನಡೆಗೆ ತಂದರು ನಿಜ. ಆದರೆ ಕೊನೆಯ ಕ್ಷಣಗಳಲ್ಲಿ ಎದುರಾಳಿ ಗೋಲಿನ ಗೆರೆಯಿಂದ ಒಂದೇ ಗಜ ದೂರದಲ್ಲಿದ್ದ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ, ಬ್ರೇಡಿ ತಂಡದ ಹೊಸಬ ಮಾಲ್ಕಂ ಬಟ್ಲರ್ ನಡುವೆ ನುಗ್ಗಿ ಚೆಂಡು ಕಸಿದ. ಅವನ ಕೈ ಜಾರಿದ್ದರೆ ಬ್ರೇಡಿಯ ಅಂದಿನ ನಾಲ್ಕು ಎಸೆತಗಳು ಕೆಟ್ಟವಾಗುತ್ತಿದ್ದವೇ?

ಹಾಗಾದರೆ ಅಂಕಿಅಂಶವನ್ನೇ ನಂಬೋಣವೇ? ಅಲ್ಲೂ ಎಚ್ಚರ ಬೇಕು. 1973ರಿಂದ ಲೀಗ್ ಬಳಸುತ್ತಿರುವ ಪಾಸರ್ ರೇಟಿಂಗ್‌ನ ಗರಿಷ್ಠ ಅಂಕ 158.3. ಇದು ಗುರಿ ಮುಟ್ಟಿದ ಪಾಸ್‌ಗಳು, ಗಜ, ಟಚ್‌ಡೌನ್, ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಪಾಸ್) ಈ ನಾಲ್ಕನ್ನು ಮಾತ್ರ ನೋಡುತ್ತದೆ. ಚೆಂಡು ಹಿಡಿದೇ ನೆಲಕ್ಕುರುಳಿದ್ದು, ಓಡಿ ಗಳಿಸಿದ ಗಜ, ಕೈಯಿಂದ ಜಾರಿದ ಚೆಂಡು ಇದಕ್ಕೆ ಕಾಣಿಸುವುದಿಲ್ಲ. ಎಲ್ಲ ಪಾಸ್‌ಗಳನ್ನೂ ನೆಲಕ್ಕೆ ಬಡಿದವನಿಗೂ 39.6 ಸಿಗುತ್ತದೆ!

ಕಾಲಮಾನದ ತೊಡಕು ಇನ್ನೂ ದೊಡ್ಡದು. 1978ರಲ್ಲಿ ನಿಯಮ ಬದಲಾಯಿತು: ಪಾಸ್ ಹಿಡಿಯಲು ಓಡುವವನನ್ನು ಐದು ಗಜ ದಾಟಿದ ಮೇಲೆ ತಳ್ಳಿ ತಡೆಯುವಂತಿಲ್ಲ. ಎಸೆತಗಾರರ ಅಂಕಿಗಳು ಅಲ್ಲಿಂದ ಏರತೊಡಗಿದವು. ಜಾನಿ ಯುನಿಟಸ್ 1959ರಲ್ಲಿ 12 ಪಂದ್ಯಗಳಲ್ಲಿ ಎಸೆದ 32 ಟಚ್‌ಡೌನ್ ಇಂದಿನ 17 ಪಂದ್ಯಗಳ ಋತುವಿನ ಮುಂದೆ ಚಿಕ್ಕದಾಗಿ ಕಾಣುತ್ತದೆ. ಅವರ ಕಾಲದವರ ಪಕ್ಕದಲ್ಲಿಟ್ಟರೆ ಅದು ಬೆಟ್ಟದಷ್ಟು. ಜೋ ನೇಮತ್ 173 ಟಚ್‌ಡೌನ್‌ಗೆ 220 ಇಂಟರ್‌ಸೆಪ್ಷನ್ ಎಸೆದರೂ ಆಟದ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ್ದನ್ನು ಇಂದಿನ ಕಣ್ಣಿನಿಂದ ನೋಡಿದರೆ ಅರ್ಥವಾಗದು. ಹೋಲಿಕೆ ಸಮಕಾಲೀನರೊಂದಿಗೇ ಆಗಬೇಕು.

ನನ್ನನ್ನು ಹೆಚ್ಚು ಕಾಡುವುದು ಪಟ್ಟಿಯ ಹೊರಗಿರುವವರು. ಕರಿಯರಿಗೆ ಈ ಸ್ಥಾನದಲ್ಲಿ ಆಡುವ ಬುದ್ಧಿ ಸಾಲದು ಎಂಬ ಪೂರ್ವಗ್ರಹ ದಶಕಗಳ ಕಾಲ ಗಟ್ಟಿಯಾಗಿತ್ತು. ಮಾರ್ಲಿನ್ ಬ್ರಿಸ್ಕೋ 1968ರಲ್ಲಿ ಡೆನ್ವರ್ ಪರ ಹೊಸಬನಾಗಿ 14 ಟಚ್‌ಡೌನ್ ಎಸೆದರು. ಮರುವರ್ಷ ಆ ಸ್ಥಾನಕ್ಕೆ ಅವರನ್ನು ಪರಿಗಣಿಸಲೇ ಇಲ್ಲ. ಬೇರೆ ತಂಡ ಸೇರಿ, ಪಾಸ್ ಹಿಡಿಯುವ ಆಟಗಾರನಾಗಿ ಮಯಾಮಿಯಲ್ಲಿ ಎರಡು ಉಂಗುರ ಗೆದ್ದರು. ಕ್ವಾರ್ಟರ್‌ಬ್ಯಾಕ್‌ಗಳ ಎಣಿಕೆಯಲ್ಲಿ ಆ ಎರಡಕ್ಕೆ ಜಾಗವಿಲ್ಲ.

ವಾರನ್ ಮೂನ್ 1978ರಲ್ಲಿ ಕಾಲೇಜು ಫುಟ್‌ಬಾಲ್‌ನ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರ. ಆದರೂ ಆ ವರ್ಷದ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಸ್ಥಾನ ಬದಲಿಸಲು ಒಪ್ಪದೆ ಅವರು ಕೆನಡಾದ ಎಡ್ಮಂಟನ್‌ಗೆ ಹೋದರು. ಅಲ್ಲಿ ಸತತ ಐದು ಗ್ರೇ ಕಪ್ ಲೀಗ್ ಪ್ರಶಸ್ತಿ, ಆರು ಋತುಗಳಲ್ಲಿ 21,228 ಗಜ. 1984ರಲ್ಲಿ ಹ್ಯೂಸ್ಟನ್ ಕರೆದಾಗ ಅವರಿಗೆ 27 ದಾಟಿತ್ತು. ಆಮೇಲೂ 49,325 ಗಜ ಎಸೆದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಅವರೇ. ಕಸಿದುಕೊಂಡ ಆರು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದ ಯಾವ ಪಟ್ಟಿಯನ್ನೂ ನಾನು ಒಪ್ಪಲಾರೆ.

ನನ್ನ ಪಟ್ಟಿಯಲ್ಲೂ ಬ್ರೇಡಿಯೇ ಮೊದಲು, ಆದರೆ ಏಳು ಉಂಗುರಗಳಿಗಾಗಿ ಅಲ್ಲ. 2021ರ ಋತುವಿನಲ್ಲಿ, 44ರ ವಯಸ್ಸಿನಲ್ಲಿ, 5,316 ಗಜ ಮತ್ತು 43 ಟಚ್‌ಡೌನ್ ಎಸೆದು ಎರಡರಲ್ಲೂ ಲೀಗ್‌ಗೇ ಮೊದಲಿಗರಾದರು. ಆ ಋತುವಿನಲ್ಲಿ ಅವರಿಗೆ ಉಂಗುರ ಸಿಗಲಿಲ್ಲ. ನಂತರದ ಸ್ಥಾನಗಳು ಮಾಂಟಾನಾ, ಮ್ಯಾನಿಂಗ್, ಯುನಿಟಸ್ ಅವರಿಗೆ. ಐದನೆಯವರು ಮರಿನೋ, ಅವರ ಬೆನ್ನಿಗೇ ಮೂನ್. ನಾಲ್ಕು ಉಂಗುರಗಳ ಟೆರ್ರಿ ಬ್ರಾಡ್‌ಶಾ ಈ ಇಬ್ಬರ ಕೆಳಗೆ.